ಐವತ್ತೆಂಟನೆಯ ಪತ್ರ

ಲಿಯಾಂಡರ್ ಬ್ರೂಸಾರ್‌ನನ್ನು ನಾನು ಮೊದಲ ಬಾರಿ ಹತ್ತಿರದಿಂದ ಕಂಡದ್ದು ಜೂನ್ ತಿಂಗಳ ಮೊದಲ ಮಂಗಳವಾರ, ನನ್ನ ಸ್ವಂತ ಮನೆಯ ಬಾಗಿಲಲ್ಲಿ. ಎರಡು ದೊಡ್ಡ ಚೀಲ, ಕಂಕುಳಲ್ಲಿ ಒಂದು ಕಬ್ಬಿಣದ ಬಾಣಲೆ, ತೋಳಿಗೆ ಸಿಕ್ಕಿಸಿಕೊಂಡ, ಬೇಸ್‌ಬಾಲಿನಲ್ಲಿ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ಮುಖವಾಡ. ಬಾಗಿಲಿನ ಚೌಕಟ್ಟು ಅವನ ಅಳತೆಗೆ ಸ್ವಲ್ಪ ಚಿಕ್ಕದಾಗಿತ್ತು. ನಾನು ಅದೇ ತಾನೆ ರಸ್ತೆಯ ತುದಿಯ ಅಂಚೆಪೆಟ್ಟಿಗೆಗೆ ಪತ್ರವೊಂದನ್ನು ಹಾಕಿ, ಲೋಕಕ್ಕೆ ಉಪಕಾರ ಮಾಡಿದ ಸಮಾಧಾನದಲ್ಲಿ ಮೆಟ್ಟಿಲು ಹತ್ತುತ್ತಿದ್ದೆ. ಪತ್ರದ ವಿಷಯ: 'ಕ್ಯಾಚರ್ ಬ್ರೂಸಾರ್ ಅವರನ್ನು ತಂಡದಿಂದ ಕೂಡಲೇ ಕೈಬಿಡಲು ಹನ್ನೊಂದು ಕಾರಣಗಳು.'

"ನೀವೇ ಅಲ್ವಾ ಬೆಂಡಿಕ್ಸ್ ಮೇಷ್ಟ್ರು?" ಎನ್ನುತ್ತ ಅವನು ಚೀಲ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ. (ಹಿಡಿದುಕೊಂಡ ಎಂದರೆ, ನನ್ನ ಕೈ ಅವನ ಕೈಯೊಳಗೆ ಹೋಗಿ ಮಾಯವಾಯಿತು.) "ಮನೇಲಿ ಜಾಗ ಕೊಟ್ಟಿದ್ದೀರಿ. ಈ ಉಪಕಾರ ನಾನು ಮರೆಯಲ್ಲ, ಮೇಷ್ಟ್ರೇ."

ಒಳಗಿನಿಂದ ನನ್ನ ಹೆಂಡತಿ ಡೋರೀನ್ ಕೈ ಒರೆಸಿಕೊಳ್ಳುತ್ತ ಬಂದಳು. "ಬಂದ್ಯಾ ಲಿಯಾಂಡರ್! ಬಾ, ಬಾ. ಆರ್ಲೋ, ಯಾಕೆ ದೀಪದ ಕಂಬದ ಹಾಗೆ ನಿಂತಿದ್ದೀಯ? ಆ ಚೀಲ ತಗೋ."

ಚೀಲ ತೆಗೆದುಕೊಂಡೆ. ಎಪ್ಪತ್ತೊಂದು ವರ್ಷದ ನನ್ನ ಸೊಂಟ ಏನೋ ಹೇಳಿತು; ಕೇಳಿಸಿಕೊಳ್ಳದೆ, ಡೋರೀನಳನ್ನು ಅಡುಗೆಮನೆಯ ಮೂಲೆಗೆ ಕರೆದೊಯ್ದೆ.

"ಏನಿದು?"

"ಏನಿದು ಅಂದ್ರೆ? ಆಟಗಾರ. ಬೇಸಿಗೆ ಮುಗಿಯೋವರೆಗೂ ನಮ್ಮನೇಲಿ ಇರ್ತಾನೆ. ಚರ್ಚಿನಲ್ಲಿ ಪಟ್ಟಿ ಇಟ್ಟಿದ್ರು, ನಮ್ಮ ಹೆಸರು ಬರೆಸಿದೆ. ನಿನ್ನನ್ನ ಕೇಳೇ ಬರೆಸಿದ್ದು. ನೀನು ಹೂಂ ಅಂದೆ."

"ಯಾವಾಗ?"

"ರೇಡಿಯೋದಲ್ಲಿ ಆಟ ಕೇಳ್ತಾ ಇದ್ದೆ."

"ನಾನು ಹೂಂ ಅಂದದ್ದು ಚೆಂಡೆಸೆಯೋ ಪಿಚರ್‌ಗೆ, ನಿನಗಲ್ಲ!"

"ನಲವತ್ತಾರು ವರ್ಷದಿಂದ ನೀನು ಹೂಂ ಅಂದಿದ್ದೆಲ್ಲ ಪಿಚರ್‌ಗೇ. ಅದನ್ನೇ ನಂಬಿಕೊಂಡು ಸಂಸಾರ ಮಾಡಿದೀನಿ. ಹೋಗು, ಅವನಿಗೆ ಮೇಲಿನ ಕೋಣೆ ತೋರಿಸು."

ಮೇಲಿನ ಕೋಣೆ ಎಂದರೆ ನನ್ನ ಓದುವ ಕೋಣೆ.

ನಮ್ಮಂಥ ಸಣ್ಣ ಲೀಗಿನಲ್ಲಿ ಇದು ಹೊಸದೇನಲ್ಲ. ಆಟಗಾರರಿಗೆ ಕೊಡುವ ಸಂಬಳದಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಹಾಗಾಗಿ ಊರಿನವರು ಒಬ್ಬೊಬ್ಬರನ್ನು ಬೇಸಿಗೆಯ ಮಟ್ಟಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ತಂಡದ ಇಪ್ಪತ್ತೈದು ಜನರಲ್ಲಿ ಬೇರೆ ಯಾರು ಬಂದಿದ್ದರೂ ನಾನು ಎದ್ದು ನಿಂತು ಸ್ವಾಗತಿಸುತ್ತಿದ್ದೆ. ಆದರೆ ನೀವೇ ಹೇಳಿ, ಬೆಳಿಗ್ಗೆ ಒಬ್ಬನ ಅನ್ನಕ್ಕೆ ಕಲ್ಲು ಹಾಕಿ ಮಧ್ಯಾಹ್ನ ಅವನಿಗೇ ಆಲೂಗಡ್ಡೆ ಬಡಿಸುವುದು ಹೇಗೆ?

ಇಲ್ಲಿ ನಮ್ಮ ತಂಡದ ವಿಚಾರ ನಾಲ್ಕು ಮಾತು ಹೇಳಬೇಕು. ಹೆಸರು ಪೋರ್ಟ್ ಲಾರ್ಕಿನ್ ಸ್ಟರ್ಜನ್ಸ್. ಸ್ಟರ್ಜನ್ ನಮ್ಮ ಸರೋವರದ ಮೀನು. ದೊಡ್ಡ ಮೀನು, ಹಳೆಯ ಕಾಲದ ಮೀನು, ಜೀವಮಾನವೆಲ್ಲ ತಳದಲ್ಲೇ ಇರುವ ಮೀನು. ಹೆಸರಿಟ್ಟವರ ದೂರದೃಷ್ಟಿ ಎಂಥದೆಂದು ಪ್ರತಿವರ್ಷ ಅಂಕಪಟ್ಟಿ ನೋಡಿದಾಗ ಬೆರಗಾಗುತ್ತೇನೆ. ಒಡೆಯರು ಹಾರ್ವಿ ಟ್ವಿಲ್ಲಿಗರ್, ಹಾಸಿಗೆ ಅಂಗಡಿಗಳ ಯಜಮಾನರು. ತಂಡ ಸೋತ ಮರುದಿನ ಅವರ ಅಂಗಡಿಯಲ್ಲಿ ದಿಂಬುಗಳಿಗೆ ರಿಯಾಯಿತಿ. ನಮ್ಮೂರಿನಲ್ಲಿ ದಿಂಬಿಗೆ ಬರವಿರುವ ಮನೆ ಇಲ್ಲ. ಅವರು ಸಾರಿದ ಪಂಚವಾರ್ಷಿಕ ಯೋಜನೆ ಈಗ ಹನ್ನೊಂದನೆಯ ವರ್ಷದಲ್ಲಿದೆ. ಆ ಯೋಜನೆಯಂತೆ ನಮ್ಮ ಅತ್ಯುತ್ತಮ ಹೊಡೆತಗಾರನನ್ನು ನೆರೆಯೂರಿಗೆ ಕೊಟ್ಟು ಬದಲಿಗೆ ಒಂದು ಹಳೆಯ ಬಸ್ಸನ್ನು ತಂದರು. ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುವುದರಲ್ಲಿ ಆ ಬಸ್ಸು ಒಂದೇ ವಾರದಲ್ಲಿ ತಂಡದ ಸಂಪ್ರದಾಯ ಕಲಿಯಿತು.

ನಾನು ಮೂವತ್ತಾರು ವರ್ಷ ಏಳನೆಯ ತರಗತಿಗೆ ವ್ಯಾಕರಣ ಕಲಿಸಿದವನು. ಆಡಳಿತ ಮಂಡಳಿಯ ಪ್ರಕಟಣೆಗಳನ್ನು ಓದಿದರೆ ನನಗೆ ಮೈ ಉರಿಯುತ್ತದೆ. 'ತಂಡವನ್ನು ಬಲಪಡಿಸಲಾಗುತ್ತಿದೆ.' 'ತಪ್ಪುಗಳನ್ನು ಗಮನಿಸಲಾಗಿದೆ.' ಎಲ್ಲವೂ ಕರ್ಮಣಿ ಪ್ರಯೋಗ! ಕೆಲಸ ಆಗುತ್ತದೆ, ಮಾಡಿದವರು ಸಿಗುವುದಿಲ್ಲ. ಆದ್ದರಿಂದ ನಿವೃತ್ತನಾಗುವ ಮೊದಲಿನಿಂದಲೂ, ಹತ್ತೊಂಬತ್ತು ವರ್ಷಗಳಿಂದ, ಅವರಿಗೆ ಪತ್ರ ಬರೆಯುತ್ತ ಬಂದಿದ್ದೇನೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ವಿಷಯ, ಉಪಸಂಹಾರ, ನನ್ನಲ್ಲಿ ಒಂದು ನಕಲು. ಐವತ್ತೇಳು ಪತ್ರಗಳಿಗೆ ಒಂದೇ ಒಂದು ಉತ್ತರ ಬಂದಿತ್ತು. ಅದೂ ಸ್ಟಾಂಪು ಸಾಲದೆಂದು ಅಂಚೆಯವರು ಬರೆದದ್ದು.

ಆ ಮಧ್ಯಾಹ್ನ ಲಿಯಾಂಡರ್ ನಮ್ಮ ಮೇಜಿನ ಮುಂದೆ ಕೂತು ಮೂರನೆಯ ಸಲ ಆಲೂಗಡ್ಡೆ ಹಾಕಿಸಿಕೊಳ್ಳುವಾಗ ನನಗಿದ್ದ ಏಕೈಕ ಸಮಾಧಾನ ಅದೇ. ಅವರು ಓದುವುದಿಲ್ಲ. ಹತ್ತೊಂಬತ್ತು ವರ್ಷ ಶಪಿಸಿದ ಆ ಸೋಮಾರಿತನವನ್ನು ಅಂದು ಮನಸ್ಸಿನಲ್ಲೇ ಹರಸಿದೆ.

"ಬಟ್ಟೆ ಕೋಣೆಯ ಖಾನೆಗೆ ಹಾಕ್ಕೊಳ್ಲಾ, ಡೋರೀನಮ್ಮ?" ಅವನು ತಡೆತಡೆದು ಕೇಳಿದ.

"ಮತ್ತೆ ಇನ್ನೆಲ್ಲಿ ಹಾಕ್ತೀಯ?"

"ಹಂಗಲ್ಲ. ಒಂಬತ್ತು ವರ್ಷದಲ್ಲಿ ಒಂಬತ್ತು ಊರು ಆಯ್ತು. ಜುಲೈ ಕೊನೆ, ಇಲ್ಲ ಆಗಸ್ಟು, ಕರೆದು ಕೈಕುಲುಕಿ ಕಳಿಸಿಬಿಡ್ತಾರೆ. ಅದಕ್ಕೆ ಎಲ್ಲೂ ಚೀಲ ಖಾಲಿ ಮಾಡಿಲ್ಲ. ಈ ಸಲ ಒಂದು ಆಸೆ. ಸೆಪ್ಟೆಂಬರಿನ ಕೊನೇ ಆಟದವರೆಗೂ ಒಂದೇ ಊರಲ್ಲಿ ಇರಬೇಕು. ಲೂಯಿಸಿಯಾನಾದಿಂದ ನಮ್ಮವ್ವ ಫೋನ್ ಮಾಡಿದಾಗೆಲ್ಲ ಮೊದಲು ಕೇಳೋದೇ, 'ಈಗ ಯಾವೂರಪ್ಪಾ?' ಅಂತ."

ಡೋರೀನ್ ಮೂಗೊರೆಸಿಕೊಂಡಳು. ನಾನು ನೀರು ಕುಡಿದೆ.

ಎರಡೂವರೆ ವಾರ ಶಾಂತಿಯಿತ್ತು. ಮೈದಾನದಲ್ಲಿ ಅವನು ಎರಡನೇ ಬೇಸ್ ಕಡೆಗೆ, ಎಂದರೆ ಓಟಗಾರ ಮುಟ್ಟಬೇಕಾದ ಎರಡನೇ ಗುರುತಿನ ಕಡೆಗೆ, ಎಸೆದ ಚೆಂಡು ಎಂದಿನಂತೆ ಎರಡನೇ ಬೇಸೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಹೋಗುತ್ತಿತ್ತು. (ಇದೇ ನನ್ನ ಒಂದನೆಯ ಕಾರಣ.) ಓಡಿದರೆ ಬೆನ್ನಿನ ಮೇಲೆ ಬೀರು ಹೊತ್ತವನಂತೆ ಕಾಣುತ್ತಿದ್ದ. (ನಾಲ್ಕನೆಯ ಕಾರಣ.) ಆದರೆ ಮನೆಯಲ್ಲಿ? ಬೆಳಿಗ್ಗೆ ಎದ್ದು ಹಿತ್ತಲಿನ ಮೇಪಲ್ ಮರಕ್ಕೆ ಹಳೆಯ ಟೈರು ಕಟ್ಟಿ ಚೆಂಡೆಸೆದು ವ್ಯಾಯಾಮ ಮಾಡುತ್ತಿದ್ದ. ಭಾನುವಾರ ಆ ಬಾಣಲೆಯಲ್ಲಿ ಸೀಗಡಿ ಹಾಕಿ ತಮ್ಮೂರಿನ ಸಾರು ಮಾಡುತ್ತಿದ್ದ. ಆರು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಯಾರೂ ಹೇಳದೆ ಸರಿಮಾಡಿದ. ಡೋರೀನ್ ನನ್ನತ್ತ ನೋಡಿದ ನೋಟದಲ್ಲಿ ಆರು ವರ್ಷವೂ ಇತ್ತು.

ಆಮೇಲೆ ಬಂದಳು ಮಾರ್ಗೋ ಟ್ವಿಲ್ಲಿಗರ್.

ಮಾರ್ಗೋ ಒಡೆಯರ ತಮ್ಮನ ಮಗಳು. ವ್ಯಾಪಾರ ನಿರ್ವಹಣೆ ಓದಿ ಬಂದವಳು. ಜೂನ್ ಇಪ್ಪತ್ತರಂದು ತಂಡದ ಜನರಲ್ ಮ್ಯಾನೇಜರ್ ಆದಳು, ಅಂದೇ ಊರಿನ ರೇಡಿಯೋದಲ್ಲಿ ಮಾತಾಡಿದಳು. ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿದ್ದೆ. ಅಂಗಡಿಯ ಸ್ಟಾನ್ ವೊಯ್ತಾಸ್ ಮೈದಾನದಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದ ಸೀಟಿನವನು.

"ಅಭಿಮಾನಿಗಳ ಮಾತು ಇಷ್ಟು ದಿನ ಯಾರೂ ಕೇಳಲಿಲ್ಲ," ಎಂದಿತು ರೇಡಿಯೋ. "ಕಚೇರಿಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಒಬ್ಬರೇ ಮಹನೀಯರು ಬರೆದ ಐವತ್ತೆಂಟು ಪತ್ರಗಳು, ಒಂದನ್ನೂ ತೆರೆದಿಲ್ಲ! ನಾಳೆಯಿಂದ ದಿನಾ ಬೆಳಿಗ್ಗೆ ಕಾಫಿ ಜೊತೆಗೆ ಒಂದೊಂದು ಓದ್ತೀನಿ. ಅದರಲ್ಲಿ ಏನು ಬರೆದಿದೆಯೋ ಅದು ಅದೇ ಸಂಜೆ ಜಾರಿಗೆ ಬರುತ್ತೆ."

"ಆರ್ಲೋ! ನೀನೇ ಕಣೋ ಅದು!" ಸ್ಟಾನ್ ಕತ್ತರಿ ಬಿಟ್ಟು ಚಪ್ಪಾಳೆ ತಟ್ಟಿದ. "ಯಾಕೋ ಬೆವರ್ತಾ ಇದ್ದೀಯ?"

"ಬಟ್ಟೆ ಬಿಗಿಯಾಯ್ತು," ಎಂದೆ.

ಮನೆಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಸಿ ಎಣಿಸಿದೆ. ದಿನಕ್ಕೊಂದರಂತೆ ಐವತ್ತೆಂಟನೆಯದು ಆಗಸ್ಟ್ ಹದಿನೇಳಕ್ಕೆ ಬೀಳುತ್ತದೆ. ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದೆ. ಋತುವಿನ ಕೊನೆಯ ಆಟ ಸೆಪ್ಟೆಂಬರಿನ ಮೊದಲ ಸೋಮವಾರ. ಹುಡುಗ ಇನ್ನೆರಡೂವರೆ ವಾರ ಇದ್ದಾಗ ಚೀಲ ತುಂಬಬೇಕು, ನನ್ನ ಕೈಬರಹದಿಂದ.

ಹಿಂದಿನಿಂದ ಡೋರೀನ್ ಇಣುಕಿದಳು. "ಅಯ್ಯೋ, ನನ್ನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಸುತ್ತು ಹಾಕಿದ್ದೀಯಾ! ಇಷ್ಟು ವರ್ಷಕ್ಕೆ ಒಂದು ಸಲ ಜ್ಞಾಪಕ ಬಂತಲ್ಲ!" ಎಂದು ನನ್ನ ಕೆನ್ನೆ ತಟ್ಟಿದಳು. ಅವಳ ಹುಟ್ಟುಹಬ್ಬ ಅದೇ ದಿನವೆಂದು ಹೀಗೆ ನನಗೆ ತಿಳಿಯಿತು.

ಒಂದನೆಯ ಪತ್ರ: ತಿನಿಸಿನ ಕಟ್ಟೆಯಲ್ಲಿ ಸಾಸಿವೆ ಗೊಜ್ಜಿನ ಡಬ್ಬಿ ಒಣಗಿರುತ್ತದೆ. ಆ ಸಂಜೆ ಹೊಸ ಡಬ್ಬಿ ಬಂತು. ಎರಡನೆಯದು: ಮುಖ್ಯದ್ವಾರದ ಫಲಕದಲ್ಲಿ ಕಾಗುಣಿತದ ತಪ್ಪು. ತಿದ್ದಿದರು. ನಾನು ಆ ಫಲಕದ ಕೆಳಗೆ ನಿಂತು, ಹೇಳಲು ನಾಚಿಕೆ, ಅತ್ತುಬಿಟ್ಟೆ. ಹನ್ನೊಂದನೆಯದು: ಪಿಚರ್ ಕಷ್ಟದಲ್ಲಿರುವಾಗ ಮೀನಿನ ವೇಷದವನು ಕುಣಿಯಬಾರದು. ಕುಣಿತ ನಿಂತಿತು, ಪಿಚರ್ ಸದಾ ಕಷ್ಟದಲ್ಲೇ ಇದ್ದುದರಿಂದ ವೇಷದವನಿಗೆ ಕೆಲಸವೇ ಇಲ್ಲದಂತಾಯಿತು. ಊರಿನವರು ದಾರಿಯಲ್ಲಿ ನಿಲ್ಲಿಸಿ ಟೋಪಿ ತೆಗೆದರು. ಹತ್ತೊಂಬತ್ತು ವರ್ಷ ಕಂಡ ಕನಸು ದಿನಕ್ಕೊಂದರಂತೆ ನನಸಾಗುತ್ತಿತ್ತು, ನಾನು ಮಾತ್ರ ಕ್ಯಾಲೆಂಡರಿನ ಕೆಂಪು ಸುತ್ತಿಗೆ ಉಳಿದ ದಿನ ಎಣಿಸುತ್ತಿದ್ದೆ. ಬತ್ತಿಗೆ ಬೆಂಕಿ ತಾಗಿದ ಪಟಾಕಿಯ ಮೇಲೆ ಕೂತವನು ಬತ್ತಿಯ ಹೊಳಪನ್ನು ಮೆಚ್ಚಿಕೊಳ್ಳಲು ಸಾಧ್ಯವೇ?

ಹತ್ತೊಂಬತ್ತನೆಯ ಪತ್ರಕ್ಕೆ ಇನ್ನೊಂದು ತೊಡಕು ತಲೆಯೆತ್ತಿತು. 'ನಮ್ಮ ಶಾರ್ಟ್‌ಸ್ಟಾಪ್‌ಗೆ ವಯಸ್ಸಾಗಿದೆ, ಬೆಂಚಿನಲ್ಲಿ ಕೂರಿಸಿ,' ಎಂದು ನಾನು ಬರೆದದ್ದು ಹದಿನಾಲ್ಕು ವರ್ಷದ ಹಿಂದೆ. ಆ ಮನುಷ್ಯ ಈಗ ತಾತನಾಗಿದ್ದಾನೆ. ಮಾರ್ಗೋ ಎರಡನೇ ಬೇಸಿನ ಪಕ್ಕ ಚೆಂಡು ತಡೆಯುವ ಈಗಿನ ಶಾರ್ಟ್‌ಸ್ಟಾಪ್‌ನನ್ನು ಕೂರಿಸಿದಳು. ಅವನಿಗೆ ಇಪ್ಪತ್ತೆರಡು, ಚೆಂಡು ಹಿಡಿಯಲು ಬಲ್ಲ ಒಬ್ಬನೇ ಒಬ್ಬ ಅವನು. ಇಪ್ಪತ್ತೇಳನೆಯ ಪತ್ರ: 'ಆ ಎಡಗೈ ಪಿಚರ್‌ನನ್ನು ಯಾರಿಗಾದರೂ ಕೊಟ್ಟುಬಿಡಿ.' ಅಂದಿನ ಎಡಗೈಯವನು ಕುಡಿದು ಬರುತ್ತಿದ್ದ. ಇಂದಿನ ಎಡಗೈಯವನು ನಮಗಿದ್ದ ಐದು ಗೆಲುವಿನಲ್ಲಿ ನಾಲ್ಕನ್ನು ತಂದವನು. ಅವನನ್ನು ಕೊಟ್ಟು ಹುಲ್ಲು ಕತ್ತರಿಸುವ ಯಂತ್ರ ತಂದರು. ಮೂವತ್ತೊಂದನೆಯ ಪತ್ರದಲ್ಲಿ ನಾನು ಮೈದಾನದ ಹುಲ್ಲಿನ ಬಗ್ಗೆ ದೂರಿದ್ದೆನಾದ್ದರಿಂದ ಅದೂ ಒಟ್ಟಿಗೆ ಬಗೆಹರಿಯಿತು.

ಒಂದಾದ ಮೇಲೊಂದು ಒಂಬತ್ತು ಆಟ ಸೋತೆವು. ಟೋಪಿ ತೆಗೆಯುತ್ತಿದ್ದವರು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳತೊಡಗಿದರು. ಹಿಂದೆಲ್ಲ ನಮ್ಮ ಸಾಲಿನವರೆಲ್ಲ ಸೇರಿ ಆಡಳಿತ ಮಂಡಳಿಯನ್ನು ಬೈಯುತ್ತಿದ್ದೆವು. ಎಂಥ ಸುಖವಿತ್ತು ಅದರಲ್ಲಿ! ಈಗ ಸಾಲಿನವರೆಲ್ಲ ನನ್ನ ಕಡೆ ತಿರುಗಿ ಕೂತರು.

"ಎಡಗೈಯವನನ್ನ ಯಾಕೋ ಕಳಿಸ್ದೆ?" ಸ್ಟಾನ್ ನನ್ನ ಕಿವಿಯ ಹತ್ತಿರ ಕ್ಷೌರದ ಕತ್ತಿ ಹಿಡಿದು ಕೇಳಿದ.

"ನಾನೆಲ್ಲಿ ಕಳಿಸ್ದೆ! ಆ ಪತ್ರ ಬರೆದದ್ದು ಯಾವ ಕಾಲದಲ್ಲಿ!"

"ತಾರೀಖು ಹೇಳಿ ಜಾರಿಕೊಳ್ಬೇಡ. ಬರೆದೋನು ನೀನು ತಾನೆ? ಹಳೇ ಟ್ವಿಲ್ಲಿಗರೂ ಹೀಗೇ ಅಂತಿದ್ದ, 'ನಂದಲ್ಲ, ಯೋಜನೆದು' ಅಂತ. ತಲೆ ಅಲ್ಲಾಡಿಸ್ಬೇಡ, ಕತ್ತಿ ಇದೆ."

ಆ ವಾರ ನನ್ನ ತಲೆಯ ಎಡಭಾಗ ಬಲಭಾಗಕ್ಕಿಂತ ಗಿಡ್ಡವಾಗಿತ್ತು. ಕೇಳುವ ಧೈರ್ಯ ಬರಲಿಲ್ಲ.

ಆಗಸ್ಟ್ ಮೂರರಂದು ಮನಸ್ಸು ಗಟ್ಟಿಮಾಡಿ ಐವತ್ತೊಂಬತ್ತನೆಯ ಪತ್ರ ಬರೆದೆ. 'ಐವತ್ತೆಂಟನೆಯದನ್ನು ರದ್ದುಪಡಿಸಿ.' ಅಂಟು ಹಚ್ಚಿ, ಸ್ಟಾಂಪು ಒತ್ತಿ, ಪೆಟ್ಟಿಗೆಗೆ ಹಾಕಿ, ಪತ್ರ ಒಳಗೆ ಬಿದ್ದ ಸದ್ದು ಕೇಳಿದ ಮೇಲೆ ಹೊಳೆಯಿತು: ಅವಳು ಕ್ರಮವಾಗಿ ಓದುತ್ತಾಳೆ. ಐವತ್ತೊಂಬತ್ತನೆಯದು ಐವತ್ತೆಂಟರ ಮರುದಿನ!

ನೇರವಾಗಿ ಕಚೇರಿಗೆ ಹೋದೆ. ಮಾರ್ಗೋ ಎದ್ದು ನಿಂತಳು. "ಸಾರ್! ಗುರುತು ಸಿಕ್ತಾ? ಏಳನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು."

ಆಗ ಸಿಕ್ಕಿತು. ಎರಡು ಜಡೆ, ಸದಾ ಮೊನಚಾದ ಪೆನ್ಸಿಲು.

"ಮಾರ್ಗೋ, ಮಗು, ಒಂದು ಕೇಳ್ತೀನಿ. ಕೊನೇ ಪತ್ರವನ್ನ ಮೊದಲು ಓದಿಬಿಡು."

ಅವಳ ಮುಖ ಗಂಭೀರವಾಯಿತು. "ಸಾರ್, ನೀವು ಹೀಗೆ ಹೇಳ್ಬಹುದಾ? ಪುಸ್ತಕದ ಕೊನೇ ಪುಟ ಮೊದಲು ಓದಿದೆ ಅಂತ ನನ್ನನ್ನ ಇಡೀ ಶನಿವಾರ ಶಾಲೇಲಿ ಕೂರಿಸಿ ಪೂರ್ತಿ ಓದಿಸಿದ್ರಿ. ಅವತ್ತಿನಿಂದ ಔಷಧಿ ಬಾಟಲಿ ಮೇಲಿನ ಬರಹವನ್ನೂ ನಾನು ಮೊದಲಿಂದ ಓದ್ತೀನಿ."

ನನ್ನ ಶಿಕ್ಷಣದ ಫಲ ಇಷ್ಟು ಸೊಂಪಾಗಿ ಬೆಳೆದದ್ದು ಇದೊಂದೇ ಮಗುವಿನಲ್ಲಿ. ಅದೂ ಈಗಲೇ ಕೈಗೆ ಸಿಗಬೇಕೆ!

"ಸರಿ. ಹಾಗಾದರೆ ಬಾಯಲ್ಲೇ ಹೇಳ್ತೀನಿ. ಬ್ರೂಸಾರ್..."

"ಸಾರ್!" ಅವಳು ಎರಡೂ ಕೈ ಎತ್ತಿದಳು. "ಬ್ರೂಸಾರ್ ನಿಮ್ಮ ಮನೇಲಿ ಇದ್ದಾನೆ. ನಿಮ್ಮ ಇಪ್ಪತ್ತಮೂರನೇ ಪತ್ರ: 'ತನ್ನ ಮನೆಯವರ ಪರವಾಗಿ ಯಾರು ಶಿಫಾರಸು ತಂದರೂ ಆಡಳಿತ ಮಂಡಳಿ ಕಿವಿಗೊಡತಕ್ಕದ್ದಲ್ಲ.' ಆ ನಿಯಮ ಜಾರಿಗೆ ಬಂದು ಮೂರು ವಾರ ಆಯ್ತು. ಮೊನ್ನೆ ನಮ್ಮ ದೊಡ್ಡಪ್ಪನನ್ನೇ ವಾಪಸ್ ಕಳಿಸಿದೀನಿ."

ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ತುಂಬ ಮರ್ಯಾದೆಯ ಹುಡುಗಿ.

ಆಮೇಲಿನ ಹನ್ನೆರಡು ದಿನ ಹೇಗೆ ಕಳೆದೆನೋ ದೇವರಿಗೇ ಗೊತ್ತು. ಡೋರೀನ್ ದಿನಾ ಬೆಳಿಗ್ಗೆ ಕ್ಯಾಲೆಂಡರ್ ಮುಂದೆ ನಿಂತು, "ಇನ್ನು ಹತ್ತೇ ದಿನ, ಆರ್ಲೋ!" "ಇನ್ನು ಎಂಟೇ ದಿನ!" ಎಂದು ಉತ್ಸಾಹದಿಂದ ಸಾರುತ್ತಿದ್ದಳು. ಪ್ರತಿ ಸಲವೂ ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದೆ. ಲಿಯಾಂಡರ್ ಪಾಪ, "ಮೇಷ್ಟ್ರು ಸೊರಗಿದ್ದಾರೆ," ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದ.

ಆಗಸ್ಟ್ ಹದಿನೈದರ ಬೆಳಗಿನ ತಿಂಡಿಯ ಹೊತ್ತಿಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಲಿಯಾಂಡರ್. ನಾಡಿದ್ದು ಮಾರ್ಗೋ ಓದೋ ಪತ್ರ ನಿನ್ನ ಮೇಲೆ. ನಿನ್ನನ್ನ ತೆಗೆದುಹಾಕಿ ಅಂತ. ಬರೆದೋನು ನಾನು. ನೀನು ಬರೋಕೆ ಹತ್ತು ನಿಮಿಷ ಮುಂಚೆ ಅಂಚೆಗೆ ಹಾಕಿದೆ. ನನ್ನನ್ನ ಏನು ಬೇಕಾದರೂ ಅನ್ನ..."

"ಹನ್ನೊಂದು ಕಾರಣ," ಎಂದ ಲಿಯಾಂಡರ್, ರೊಟ್ಟಿಗೆ ಬೆಣ್ಣೆ ಸವರುತ್ತ.

"ಏನು?"

"ನೀವು ಕೊಟ್ಟ ಕೋಣೇಲಿ ಬಟ್ಟೆ ಹಾಕೋಕೆ ಮೇಜಿನ ಖಾನೆ ಎಳೆದೆ. ನಕಲೆಲ್ಲ ಅಲ್ಲೇ ಇತ್ತು, ಮೇಷ್ಟ್ರೇ. ಮೇಲ್ಗಡೆ ನಂದೇ. ಬಂದ ದಿನಾನೇ ಓದ್ದೆ."

ನಾನು ಕುಸಿದು ಕೂತೆ. "ಮತ್ತೆ ಯಾಕೆ ಏನೂ ಹೇಳಲಿಲ್ಲ?"

"ಒಂಬತ್ತು ತಂಡದೋರು ನನ್ನನ್ನ ಕಳಿಸಿದ್ರು. ಯಾಕೆ ಅಂತ ಒಬ್ಬರೂ ಹೇಳ್ಲಿಲ್ಲ. ಬೆನ್ನು ತಟ್ಟಿ ಬಸ್ ಟಿಕೆಟ್ ಕೊಡ್ತಿದ್ರು, ಅಷ್ಟೇ. ನೀವೊಬ್ಬರು ಹನ್ನೊಂದು ಕಾರಣ ಕೊಟ್ಟಿದ್ದೀರಿ, ನಂಬರ್ ಹಾಕಿ. ಒಂದೊಂದೇ ತಿದ್ದಿಕೊಳ್ತಾ ಇದ್ದೀನಿ." ಜೇಬಿನಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ನನ್ನದೇ ಅಕ್ಷರ, ಪಕ್ಕದಲ್ಲಿ ಪೆನ್ಸಿಲಿನ ಗುರುತುಗಳು. "ಆರು ಆಯ್ತು. ವಯಸ್ಸು, ಓಟ, ಎತ್ತರ, ನಗು, ಈ ನಾಲ್ಕು ಆಗಲ್ಲ ಬಿಡಿ. ಇನ್ನು ಒಂದನೇದು ಇದೆ, ಎಸೆತದ್ದು. ಟೈರಿಗೆ ಹತ್ತರಲ್ಲಿ ಏಳು ಬೀಳ್ತಿದೆ."

ನಾನು ಡೋರೀನಳ ಕಡೆ ತಿರುಗಿದೆ. ಅವಳು ತುಟಿ ಕಚ್ಚಿಕೊಂಡು ಕಾಫಿ ಲೋಟದೊಳಗೆ ನೋಡುತ್ತಿದ್ದಳು.

"ನಿನಗೂ ಗೊತ್ತಿತ್ತು!"

"ಟೈರು ತಂದುಕೊಟ್ಟೋಳು ಯಾರು ಅಂದ್ಕೊಂಡೆ? ಎರಡು ತಿಂಗಳು ದಿನಾ ಬೆಳಿಗ್ಗೆ ನಿನ್ನ ಮುಖ ನೋಡ್ತಿದ್ದೆನಲ್ಲ, ಇಂಥ ಹುಟ್ಟುಹಬ್ಬದ ಉಡುಗೊರೆ ಯಾವ ಅಂಗಡೀಲೂ ಸಿಗಲ್ಲ."

"ಆದರೆ ನಾಡಿದ್ದು ಮಾರ್ಗೋ..."

"ನಲವತ್ತನೇ ಪತ್ರ ಮರೆತ್ರಾ, ಮೇಷ್ಟ್ರೇ?" ಎಂದ ಲಿಯಾಂಡರ್. "ನಿಮ್ಮ ಪತ್ರ ಎಲ್ಲಾ ಓದಿದೀನಿ. ಅದರಲ್ಲಿ ಬರೆದಿದ್ದೀರಿ: 'ಯಾವ ಆಟಗಾರನನ್ನೂ ಕಾರಣ ತಿಳಿಸದೆ, ಅವನ ಎದುರಿಗೇ ಒಂದೊಂದನ್ನೂ ಪರೀಕ್ಷಿಸದೆ ಕಳಿಸಬಾರದು.' ಅದು ಜಾರಿಗೆ ಬಂದಾಗಿದೆ. ನನಗೆ ಪರೀಕ್ಷೆ ಆಗ್ಬೇಕು."

ಆ ಪತ್ರ ಯಾರಿಗಾಗಿ ಬರೆದೆನೋ ನನಗೇ ನೆನಪಿರಲಿಲ್ಲ. ಯಾವುದೋ ಕರುಣೆಯ ಗಳಿಗೆಯಲ್ಲಿ ಬರೆದಿರಬೇಕು.

ಹದಿನೇಳರ ಬೆಳಿಗ್ಗೆ ಹತ್ತಕ್ಕೆ ಖಾಲಿ ಮೈದಾನದಲ್ಲಿ ಪರೀಕ್ಷೆ ಏರ್ಪಟ್ಟಿತು. ಖಾಲಿ ಎಂದರೆ, ಸ್ಟಾನ್ ಅಂಗಡಿಗೆ ಬೀಗ ಹಾಕಿ ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದರಿಂದ ಇನ್ನೂರು ಜನ ಸೇರಿದ್ದರು. ಮಾರ್ಗೋ ಮೊನಚಾದ ಪೆನ್ಸಿಲು ಹಿಡಿದು ಮೇಜು ಹಾಕಿಕೊಂಡು ಕೂತಿದ್ದಳು. "ಸಾರ್ ಅವರ ತರಗತಿಯಲ್ಲಿ ಪಾಸಾಗಲು ನೂರಕ್ಕೆ ಅರವತ್ತು ಬೇಕು. ಐವತ್ತೊಂಬತ್ತೂವರೆಯನ್ನೂ ಅರವತ್ತು ಮಾಡಿದವರಲ್ಲ. ಹನ್ನೊಂದರಲ್ಲಿ ಏಳು ಸರಿಯಿದ್ದರೆ ಬ್ರೂಸಾರ್ ಉಳಿಯುತ್ತಾನೆ. ಆರಾದರೆ ಹೋಗುತ್ತಾನೆ."

ಕಾರಣಗಳನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು. ಧ್ವನಿವರ್ಧಕದಲ್ಲಿ. "ಎರಡನೆಯ ಕಾರಣ: ತಗ್ಗಿನಲ್ಲಿ ಬಂದ ಚೆಂಡನ್ನು ಕಾಲಂದುಗೆ ಎಂದು ತಿಳಿದು ಬಿಟ್ಟುಬಿಡುತ್ತಾರೆ." ಲಿಯಾಂಡರ್ ಐದು ಚೆಂಡು ಹಿಡಿದ. ಗುರುತು ಬಿತ್ತು. ಬರೆಯುವಾಗ ಎಂಥ ಚಂದದ ವಾಕ್ಯಗಳೆನಿಸಿದ್ದವು! ಈಗ ಒಂದೊಂದು ಉಪಮೆಗೂ ಇನ್ನೂರು ಜನ ನನ್ನನ್ನು ನೋಡುತ್ತಿದ್ದರು. ಬೀರುವಿನ ಉಪಮೆ ಬಂದಾಗ ಯಾರೋ ಮುದುಕಿ, "ಥೂ!" ಎಂದಳು. ಅವನು ಓಡಿದ, ಬೀರು ಇನ್ನೂ ಬೆನ್ನ ಮೇಲೇ ಇತ್ತು. ತಪ್ಪು. ಹನ್ನೊಂದನೆಯದು ಮುಗಿಯುವಾಗ ಆರು ಸರಿ, ನಾಲ್ಕು ತಪ್ಪು. ಒಂದನೆಯ ಕಾರಣವನ್ನು ಕೊನೆಗೆ ಇಟ್ಟಿದ್ದರು.

"ಒಂದೇ ಎಸೆತ," ಎಂದಳು ಮಾರ್ಗೋ. "ಎರಡನೇ ಬೇಸಿನಲ್ಲಿ ಯಾರು ನಿಲ್ತೀರಿ?"

ಆಟಗಾರರಾರೂ ಮುಂದೆ ಬರಲಿಲ್ಲ. ಚೆಂಡು ತಪ್ಪಿದರೆ ಗೆಳೆಯನ ಕೆಲಸ ಹೋದ ಪಾಪ ಯಾರಿಗೆ ಬೇಕು? ಲಿಯಾಂಡರ್ ಮುಖವಾಡ ಮೇಲೆತ್ತಿ ನನ್ನನ್ನು ನೋಡಿದ.

"ಮೇಷ್ಟ್ರೇ, ನೀವೇ ನಿಲ್ಲಿ. ನಿಮ್ಮನ್ನ ನೋಡಿದ್ರೆ ನನಗೆ ಗುರಿ ಸಿಗುತ್ತೆ."

ಜನ ಚಪ್ಪಾಳೆ ತಟ್ಟಿದರು. ಅದರಲ್ಲಿ ಪ್ರೀತಿಗಿಂತ ಬೇರೇನೋ ಇತ್ತು. ಯಾರದೋ ಕೈಗವಸು ಹಾಕಿಕೊಂಡು ಎರಡನೇ ಬೇಸಿನ ಮೇಲೆ ನಿಂತೆ. ಅಲ್ಲಿಂದ ಅವನು ಬಹಳ ಸಣ್ಣವನಾಗಿ ಕಾಣುತ್ತಿದ್ದ. ಕುಕ್ಕರಗಾಲಲ್ಲಿ ಕೂತು, ಎದ್ದು, ಎಡಗಾಲನ್ನು ಸರಿಯಾಗಿ ಮುಂದಿಟ್ಟ. ಎಂಟನೆಯ ಕಾರಣದಲ್ಲಿ ನಾನು ಬರೆದಿದ್ದಂತೆಯೇ! 'ಭಲೇ, ಹಾಗೆ!' ಎಂದುಕೊಂಡೆ. ಒಬ್ಬ ವಿದ್ಯಾರ್ಥಿ ತಿದ್ದಿಕೊಂಡದ್ದನ್ನು ಕಣ್ಣಾರೆ ಕಾಣುವ ಸಂತೋಷ ಎಂಥದೆಂದು ಪಾಠ ಹೇಳಿದವರಿಗೇ ಗೊತ್ತು. ಆ ಸಂತೋಷದಲ್ಲಿ ಕೈ ಎತ್ತುವುದನ್ನು ಮರೆತೆ.

ಚೆಂಡು ಅಳೆದಿಟ್ಟಂತೆ ಬೇಸಿನ ನಡುಮಧ್ಯಕ್ಕೇ ಬಂತು. ಅಲ್ಲಿ ನನ್ನ ಮೂಗಿತ್ತು.

ಕಣ್ಣು ಬಿಟ್ಟಾಗ ಆಕಾಶ, ಆಮೇಲೆ ಡೋರೀನಳ ಮುಖ, ಆಮೇಲೆ ಲಿಯಾಂಡರ್ ಕಂಡರು. "ಮೇಷ್ಟ್ರೇ, ಮೇಷ್ಟ್ರೇ," ಎಂದು ಅವನು ಅಳುತ್ತಿದ್ದ. ಡೋರೀನ್ ತನ್ನ ಹೊಸ ಬಿಳಿ ಕರವಸ್ತ್ರವನ್ನು ನನ್ನ ಮುಖಕ್ಕೆ ಒತ್ತಿ, "ಅಳಬೇಡ ಕಣೋ, ಇವನಿಗೆ ಏನೂ ಆಗಿಲ್ಲ, ನೀನು ಪಾಸಾದೆ," ಎಂದು ಅವನನ್ನು ಸಂತೈಸುತ್ತಿದ್ದಳು. ಮೇಜಿನ ಕಡೆಯಿಂದ ಮಾರ್ಗೋಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಹನ್ನೊಂದಕ್ಕೆ ಏಳು. ನೂರಕ್ಕೆ ಅರವತ್ತಮೂರು."

ಜನ ಕುಣಿದಾಡಿದರು. ನನ್ನ ಮೂಗಿಗಾಗಿಯೋ ಲಿಯಾಂಡರ್‌ಗಾಗಿಯೋ ಎಂದು ನಾನು ವಿಚಾರಿಸಲಿಲ್ಲ.

ಸೆಪ್ಟೆಂಬರಿನ ಮೊದಲ ಸೋಮವಾರ ಸ್ಟರ್ಜನ್ಸ್ ತಂಡ ಕೊನೆಯ ಆಟವನ್ನೂ ಸೋತು ತನ್ನ ಸ್ಥಾನವನ್ನು ಉಳಿಸಿಕೊಂಡಿತು. ಲಿಯಾಂಡರ್ ಒಂಬತ್ತೂ ಇನ್ನಿಂಗ್ಸ್ ಆಡಿದ. ಆಟ ಮುಗಿದ ಮೇಲೆ ಎಲ್ಲರೂ ಹೋದರೂ ಅವನೊಬ್ಬ ಬೇಸಿನ ಹತ್ತಿರ ಸುಮ್ಮನೆ ನಿಂತಿದ್ದ. ಆಮೇಲೆ ಅವ್ವನಿಗೆ ಫೋನ್ ಮಾಡಿ, "ಅದೇ ಊರವ್ವ," ಎಂದ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಲಿಯಾಂಡರ್ ಈಗ ಆಡುವುದಿಲ್ಲ. ನಮ್ಮ ತಂಡದ ಕ್ಯಾಚರ್‌ಗಳಿಗೆ ತರಬೇತಿ ಕೊಡುತ್ತಾನೆ. ಇರುವುದು ನಮ್ಮ ಮೇಲಿನ ಕೋಣೆಯಲ್ಲೇ. ನಾನು ಓದುಬರಹವನ್ನು ಬಟ್ಟೆ ಒಗೆಯುವ ಯಂತ್ರದ ಮೇಲೆ ಮಾಡಿಕೊಳ್ಳುತ್ತೇನೆ. ಮಾರ್ಗೋ ನನ್ನನ್ನು ಬಿಡಲಿಲ್ಲ. ಪತ್ರಗಳ ಪೆಟ್ಟಿಗೆ ಖಾಲಿಯಾದ ಮೇಲೆ, "ಸಾರ್ ಇಲ್ಲದೆ ಆಡಳಿತ ನಡೆಯೋದು ಹೇಗೆ?" ಎಂದು ನನ್ನನ್ನು ಆಡಳಿತ ಮಂಡಳಿಯ ಸದಸ್ಯನನ್ನಾಗಿ ಮಾಡಿದಳು. ಸಂಬಳವಿಲ್ಲ. ಅಭಿಮಾನಿಗಳಿಂದ ಬಂದ ದೂರುಗಳನ್ನು ಪ್ರತಿ ಗುರುವಾರ ತೆರೆದು, ಕ್ರಮವಾಗಿ ಓದಿ, ಉತ್ತರಿಸುವ ಕೆಲಸ. ಮೊದಲ ವಾರವೇ ನಲವತ್ತು ಬಂದವು. ಮೂವತ್ತೆಂಟು ನನ್ನ ಮೇಲೆ. ಸ್ಟಾನ್ ಈಗ ನನ್ನ ಪಕ್ಕ ಕೂರುವುದಿಲ್ಲ. ಕ್ಷೌರವನ್ನು ಡೋರೀನಳೇ ಮಾಡುತ್ತಾಳೆ. ಮೊನ್ನೆ ಒಂದು ಉತ್ತರ ಬರೆದು ಮುಗಿಸಿ ಓದಿಕೊಂಡರೆ, 'ತಮ್ಮ ದೂರನ್ನು ಗಮನಿಸಲಾಗಿದೆ,' ಎಂದಿತ್ತು. ಹರಿಯಲು ಹೊರಟೆ. ಆಮೇಲೆ, ನಿಜ ಹೇಳುತ್ತೇನೆ, ಲಕೋಟೆಗೆ ಹಾಕಿ ಅಂಟಿಸಿಬಿಟ್ಟೆ.

ಊಟದ ಹೊತ್ತಿನಲ್ಲಿ ಲಿಯಾಂಡರ್‌ನದು ಒಂದೇ ಮಾತು. "ಹೊಸ ಕೈಗವಸು ಕೇಳಿ ಮೂರು ತಿಂಗಳಾಯ್ತು. ಯಾರು ಮೇಷ್ಟ್ರೇ ಈ ಆಡಳಿತ ಮಂಡಳಿ? ತಲೆ ಇದೆಯಾ ಅವರಿಗೆ?"

"ಅವರಿಗೂ ಅವರ ಕಷ್ಟ ಇರುತ್ತಪ್ಪ," ಎನ್ನುತ್ತೇನೆ ನಾನು.

ಡೋರೀನ್ ಕೆಮ್ಮುತ್ತಾಳೆ.

ಕಳೆದ ಭಾನುವಾರದಿಂದ ಅವನು ಬಾಯಲ್ಲಿ ಹೇಳುವುದನ್ನೂ ನಿಲ್ಲಿಸಿದ್ದಾನೆ. ತಿಂಡಿ ತಿಂದು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಇವತ್ತು ಡೋರೀನ್ ಕಾಫಿ ಕೊಟ್ಟು ಬಂದಳು. "ಏನೋ ಬರೀತಿದ್ದಾನೆ. ನಂಬರ್ ಹಾಕಿಕೊಂಡು," ಎಂದಳು, ಅದೇ ಹಳೆಯ ಉತ್ಸಾಹದಲ್ಲಿ. "ಎಷ್ಟನೇ ನಂಬರಿಗೆ ಬಂದಿದ್ದಾನೆ?" ಎಂದು ಕೇಳಿದೆ. ಅವಳು ನಗುತ್ತ ಅಡುಗೆಮನೆಗೆ ಹೋದಳು. ಕೇಳುವ ಹಕ್ಕೂ ನನಗಿಲ್ಲ. ನಿಯಮದ ಪ್ರಕಾರ ಅದು ಅಂಚೆಯಲ್ಲೇ ಬರಬೇಕು. ಇವತ್ತು ಸೋಮವಾರ. ನನ್ನ ತಲೆಯ ಮೇಲೆ ಕುರ್ಚಿ ಎಳೆದ ಸದ್ದಾಗುತ್ತದೆ, ನಿಲ್ಲುತ್ತದೆ, ಹಾಳೆ ತಿರುವಿದ ಸದ್ದಾಗುತ್ತದೆ. ಒಂದು ಪುಟದಲ್ಲಿ ಮುಗಿಯುವಂಥದ್ದಲ್ಲವೆಂದು ಕಾಣುತ್ತದೆ.